ಬೀಗಕ್ಕೆ ಸುರಿದ ಬಿಸಿನೀರು

ನವೆಂಬರ್ ಹದಿನೆಂಟರ ಬೆಳಗ್ಗೆ ಇನ್‌ಸ್ಪೆಕ್ಟರ್ ಠಾಣೆಗೆ ಬರುವಷ್ಟರಲ್ಲಿ ಜೀಪ್ ಡ್ರೈವರನ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಂದು ಒಲೆಯ ಹತ್ತಿರ ಕೂರಿ ಎಂದು ದಫೇದಾರ ಎಷ್ಟು ಹೇಳಿದರೂ ಕದಲಿರಲಿಲ್ಲ.

"ಬರ್ಕೊಳ್ಳಿ," ಅಂದಳು. "ನನ್ನ ಗಂಡನ್ನ ಗೇಟಿನವನು ಕೊಂದ."

ಇನ್‌ಸ್ಪೆಕ್ಟರ್ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು. ಒಂದು ಕಡೆ ಅವಳು 'ಕೊಂದ' ಅಂದದ್ದನ್ನು ತಾವು 'ಸಾವಿಗೆ ಕಾರಣನಾದ' ಎಂದು ಬರೆದದ್ದು ಕಂಡಿತು. ಇದು ಸರಿಯೋ ತಪ್ಪೋ ಎಂದು ಒಂದು ಗಳಿಗೆ ಪೆನ್ನು ಹಿಡಿದುಕೊಂಡೇ ಇದ್ದು, ಹೊಡೆದು ಹಾಕಿ ಅವಳ ಮಾತನ್ನೇ ಹಾಕಿದರು. ಎಫ್‌ಐಆರ್ ದಾಖಲಾಯಿತು.

ನಡೆದದ್ದು ಆಗಲೇ ಊರಿಗೆಲ್ಲ ಗೊತ್ತಿತ್ತು. ಬೆಟ್ಟ ದಾಟುವ ರಸ್ತೆಗೆ ಎರಡು ಗೇಟು. ಆಚೆ ಬದಿಯದು ಕೆಳಗಿನ ಗೇಟು. ಮಧ್ಯಾಹ್ನದ ಕೊನೆಯ ಗಾಡಿ ಒಳಗೆ ಬಂದ ಕೂಡಲೇ ಅದನ್ನು ಮುಚ್ಚುತ್ತಾರೆ. ಈಚೆಯದು ಊರಿನ ಗೇಟು. ಆ ಗಾಡಿ ಊರು ಸೇರುವ ತನಕ ಅದು ತೆರೆದೇ ಇರಬೇಕು. ನಿನ್ನೆ ಒಬ್ಬ ಹೆಂಗಸನ್ನು ಕೂರಿಸಿಕೊಂಡು ಬಂದ ಜೀಪಿಗೆ ಊರಿನ ಗೇಟು ಬೀಗ ಹಾಕಿಕೊಂಡು ಎದುರಾಗಿತ್ತು. ಹಿಂದೆಯೂ ಬೀಗ, ಮುಂದೆಯೂ ಬೀಗ. ಫೋನಿಗೆ ಸಿಗ್ನಲ್ ಇಲ್ಲದ ಜಾಗ. ಡ್ರೈವರು ಹಾರ್ನ್ ಹೊಡೆದು ಹೊಡೆದು ಸೋತು, ಜೀಪನ್ನು ಒಂದು ತಿರುವು ಹಿಂದಕ್ಕೆ ಒಯ್ದು ಗಾಳಿ ತಾಗದ ಹಾಗೆ ಬಂಡೆಯ ಮರೆಯಲ್ಲಿ ನಿಲ್ಲಿಸಿದ. "ಜನ ಕರ್ಕೊಂಡು ಬರ್ತೀನಮ್ಮ" ಎಂದು ಟಾರ್ಚು ಹಿಡಿದು ಹೊರಟ. ಗೇಟಿನ ಕಂಬವನ್ನು ಪ್ರಪಾತದ ಅಂಚಿನಿಂದ ಸುತ್ತಿ ಬರುವಾಗ ಕಾಲು ಜಾರಿತು.

ಕತ್ತಲಾದ ಮೇಲೆ ಠಾಣೆಗೆ ಒಂದು ಫೋನು ಬಂದಿತ್ತು. ತೆಗೆದವನು ದಫೇದಾರ. "ಗೇಟು ತೆಗೀತಾ ಇಲ್ಲ. ಆಚೆ ಜನ ಇದಾರೆ. ಬೇಗ ಬನ್ನಿ." ಹೆಸರು ಕೇಳುವಷ್ಟರಲ್ಲಿ ಇಟ್ಟುಬಿಟ್ಟಿದ್ದರು. ದಫೇದಾರ ಜನರನ್ನು ಕಟ್ಟಿಕೊಂಡು ಹೋಗಿ ಸರಪಳಿ ಕೊಯ್ದು ಹೆಂಗಸನ್ನು ಆಸ್ಪತ್ರೆಗೆ ಸೇರಿಸಿದ್ದ.

"ಆ ಫೋನು ಎಲ್ಲಿಂದ ಬಂದದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ವಿಚಾರಿಸಿದೆ ಸರ್. ಗೇಟಿನ ಈಚೆ ಬದಿ ಕ್ಯಾಬಿನ್‌ನ ಲ್ಯಾಂಡ್‌ಲೈನಿಂದಲೇ."

ಹತ್ತು ಗಂಟೆಗೆ ಗೇಟಿನ ಬಳಿ ಪಂಚನಾಮೆ ಶುರುವಾಯಿತು. ಗೇಟಿನವನು ಊದಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ.

"ನಿನ್ನೆ ಸಂಜೆ ಎಲ್ಲಿದ್ದೆ?"

"ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದೆ ಸ್ವಾಮಿ. ತಡಕೊಳ್ಳೋಕಾಗ್ಲಿಲ್ಲ."

"ಅದಂತೂ ನಿಜ ಸರ್," ಎಂದ ದಫೇದಾರ. "ಇವನು ಕಿರುಚಿದ್ದು ಅರ್ಧ ಊರಿಗೆ ಕೇಳಿದೆ. ಸಾಕ್ಷಿಗೇನೂ ಬರ ಇಲ್ಲ."

"ಗೇಟು?"

"ತೆರೆದೇ ಬಿಟ್ಟು ಹೋದೆ. ಜೀಪು ಬರೋದಿತ್ತಲ್ಲ. ಬೀಗದ ಕೈ ಕ್ಯಾಬಿನ್ನಲ್ಲಿ ಮೊಳೆಗೆ ನೇತಾಕಿತ್ತು. ತೆರೆದ ಗೇಟನ್ನ ಯಾರಾದ್ರೂ ಮುಚ್ತಾರೆ ಅಂತ ಯಾರಿಗೆ ಹೊಳೀತದೆ ಸ್ವಾಮಿ?"

ಬೀಗ ಇನ್ನೂ ಸರಪಳಿಯ ತುಂಡಿನಲ್ಲಿ ತೂಗುತ್ತಿತ್ತು. ಹೆಪ್ಪುಗಟ್ಟದ ಹಾಗೆ ಅದಕ್ಕೆ ಸುತ್ತಿರುತ್ತಿದ್ದ ಗ್ರೀಸ್ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಬೀಗದ ಸುತ್ತ ಮುಷ್ಟಿಗಾತ್ರದ ಮಂಜುಗಡ್ಡೆ, ಗಾಜಿನಷ್ಟು ನುಣುಪು. ಒಳಗೆ ಬೀಗದ ಕೈ ಹಾಗೇ ಸಿಕ್ಕಿಕೊಂಡಿತ್ತು. ನಿನ್ನೆ ಹಿಮ ಬಿದ್ದಿರಲಿಲ್ಲ.

ಇನ್‌ಸ್ಪೆಕ್ಟರ್ ದಫೇದಾರನ ಮುಖ ನೋಡಿದರು. ಇಬ್ಬರಿಗೂ ಒಂದೇ ಹೊಳೆದಿತ್ತು. ಹೆಪ್ಪುಗಟ್ಟಿದ ಬೀಗಕ್ಕೆ ಈ ಊರಿನವರು ಬೆಂಕಿಕಡ್ಡಿ ಹಿಡಿಯುತ್ತಾರೆ, ಎಣ್ಣೆ ಬಿಡುತ್ತಾರೆ. ನೀರು ಸುರಿಯುವುದಿಲ್ಲ. ಸುರಿದ ಬಿಸಿನೀರು ನೋಡನೋಡುತ್ತಲೇ ಕಲ್ಲಾಗುತ್ತದೆ ಎಂಬುದು ಇಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು.

"ಸೆಕೆ ಊರಿಂದ ಹೊಸದಾಗಿ ಬಂದವರ ಕೆಲಸ," ಎಂದರು ಇನ್‌ಸ್ಪೆಕ್ಟರ್.

"ಬಂದ ಹೊಸದರಲ್ಲಿ ನೀವೂ ಸುರಿದಿದ್ರಿ ಸರ್. ಠಾಣೆ ಕಕ್ಕಸಿನ ಬಾಗಿಲಿಗೆ. ಎರಡು ದಿನ ನಾವೆಲ್ಲ ಪಕ್ಕದ ಮನೆಗೆ ಹೋಗ್ಬೇಕಾಯ್ತು."

"ಅದನ್ನು ಪಂಚನಾಮೆಗೆ ಹಾಕ್ಬೇಡ."

ನಕ್ಕವರು ಯಾರೂ ಇಲ್ಲ. ಇನ್‌ಸ್ಪೆಕ್ಟರ್ ಬಗ್ಗಿ ಮತ್ತೆ ನೋಡಿದರು. ಗಡ್ಡೆ ಬೆಳ್ಳಗಿರಲಿಲ್ಲ. ತಿಳಿ ಚಹಾದ ಬಣ್ಣ. ಇಲ್ಲಿಯ ಮನೆಗಳಲ್ಲಿ ಹಿಮ ಕರಗಿಸಿದ ನೀರು ಕನ್ನಡಿಯ ಹಾಗಿರುತ್ತದೆ. ಬಣ್ಣವನ್ನೂ ಬರೆಸಿದರು. ಇಷ್ಟು ಸಣ್ಣದನ್ನು ಯಾಕೆ ಎಂದು ಪಂಚರೊಬ್ಬರು ಕೇಳಿದಾಗ, "ಇರಲಿ, ಬಿಟ್ಟುಹೋಯ್ತು ಅಂತ ಆಮೇಲೆ ಕೊರಗೋದು ಬೇಡ," ಅಂದರು.

ಅಲ್ಲಿಂದ ಆಸ್ಪತ್ರೆಗೆ ಹೋದರು. ಜೀಪಿನಲ್ಲಿ ಬಂದ ಹೆಂಗಸು ಮಂಚದ ಅಂಚಿನಲ್ಲಿ ಕೂತು ಎರಡು ಕಾಲನ್ನೂ ಬೇಸಿನ್ನಿನಲ್ಲಿ ಇಳಿಬಿಟ್ಟಿದ್ದಳು. ಕಾಲ್ಬೆರಳುಗಳು ಚಳಿಗೆ ನೀಲಿಗಟ್ಟಿದ್ದವು. ಕೆಳಗೆ ಬಯಲುಸೀಮೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ನೋವನ್ನು ಹಲ್ಲು ಕಚ್ಚಿ ನುಂಗುವ, ಆದರೆ ಮಾತು ನಿಲ್ಲಿಸದ ಜಾತಿ.

"ಯಾರನ್ನ ನೋಡೋಕೆ ಬಂದ್ರಮ್ಮ?"

"ತಮ್ಮನ್ನ. ಇದೇ ಆಸ್ಪತ್ರೇಲಿ ಕೆಲಸ. ಅಪ್ಪ ಅಮ್ಮ ಹೋದಾಗಿಂದ ನಾನೇ ಸಾಕಿದ್ದು. ಜಾಗ ಬದಲಾದ್ರೆ ಮನಸ್ಸು ಸರಿ ಹೋಗ್ತದೆ ಅಂತ ಈ ಕೊಂಪೆಗೆ ಬಂದ. ಸಾಕು, ಬಾ, ಕರ್ಕೊಂಡು ಹೋಗ್ತೀನಿ ಅಂದೆ. ಅಂಗಡಿ ಪಕ್ಕ ಅವನಿಗೊಂದು ಅಂಗಡಿ ನೋಡಿದೀನಿ. ಹೆಣ್ಣೂ ನೋಡಿದೀನಿ."

"ಅವನು ಏನಂದ?"

"ಹೂಂ ಅಕ್ಕ ಅಂದ. ನನ್ನ ಮಾತಿಗೆ ಅವನು ಯಾವತ್ತೂ ಎದುರಾಡಿದವನಲ್ಲ." ತಮ್ಮನಿಗೆಂದು ಹೊಲಿದು ತಂದಿದ್ದ ಹೊಸ ಅಂಗಿಯನ್ನು ಕೈಯಲ್ಲೇ ಇಸ್ತ್ರಿ ಮಾಡಿದಳು. "ಅಳತೆ ಕೇಳೋ ಹಾಗೇ ಇಲ್ಲ, ನನಗೆ ಗೊತ್ತು. ನಾನು ಬಂದದ್ದು ಅವನಿಗೆ ಹೇಳಿದಾರಂತೆ, ಇನ್ನೂ ಮೇಲೆ ಬಂದಿಲ್ಲ. ಕೆಲಸ ಜಾಸ್ತಿ ಇರಬೇಕು, ಪಾಪ. ನೀವು ಗೇಟು ಹಾಕಿದವನನ್ನ ಮಾತ್ರ ಬಿಡಬೇಡಿ ಸರ್. ಆ ಡ್ರೈವರಪ್ಪ ತನ್ನ ಕಂಬಳೀನೂ ನನಗೇ ಹೊದಿಸಿ ಹೋದ."

ನರ್ಸು ಬಂದು ಬೇಸಿನ್ನಿಗೆ ಇನ್ನಷ್ಟು ಬಿಸಿನೀರು ಹಾಕಿದಳು. ತಿಳಿ ಚಹಾದ ಬಣ್ಣ.

"ನೀರು ಯಾಕೆ ಹೀಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಬಾಯ್ಲರ್ ಹಳೇದು ಸರ್. ತುಕ್ಕು."

"ಇವರ ತಮ್ಮನಿಗೆ ಎಲ್ಲಿ ಕೆಲಸ?"

"ಬಾಯ್ಲರ್ ರೂಮಲ್ಲೇ. ನಮ್ಮ ಬಿಸಿಲಪ್ಪ. ಸೆಕೆ ಊರಿನವನು ಅಂತ ಎಲ್ರೂ ಹಾಗೇ ಕರೀತಾರೆ."

ಬಾಯ್ಲರ್ ರೂಮಿಗೆ ಹದಿನಾಲ್ಕು ಮೆಟ್ಟಿಲು ಇಳಿಯಬೇಕು. ಇದು ಬೇರೆ ಯಾರಾದರೂ ಆಗಿರಬಾರದೇ ಎಂದು ಇನ್‌ಸ್ಪೆಕ್ಟರ್ ಒಂದೊಂದು ಮೆಟ್ಟಿಲಿಗೂ ಇನ್ನೊಂದು ಕಾರಣ ಹುಡುಕಿದರು. ಯಾವುದೂ ನಿಲ್ಲಲಿಲ್ಲ. ಕೆಳಗೆ ಇಪ್ಪತ್ತನಾಲ್ಕರ ಹುಡುಗ ಕಲ್ಲಿದ್ದಲು ತಳ್ಳುತ್ತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಚರ್ಮ ಕಿತ್ತು ಬಂತು ಸರ್."

"ಬೀಗಕ್ಕೆ ಅಂಟಿಕೊಂಡು?"

ಹುಡುಗ ಸಲಿಕೆ ಇಳಿಸಿದ. ಸುಳ್ಳು ಹೇಳುವ ಯೋಚನೆ ಅವನ ಮುಖದಲ್ಲಿ ಒಂದು ಸಲ ಹಾದು ಹೋಯಿತು. ಆಮೇಲೆ ಹೌದೆಂದು ತಲೆಯಾಡಿಸಿದ.

"ಗೇಟು ಯಾಕೆ ಹಾಕಿದೆ?"

"ಗೇಟು ಹಾಕಿದ್ರೆ ಜೀಪು ತಿರುಗಿ ಹೋಗ್ತದೆ ಅಂದ್ಕೊಂಡೆ ಸರ್. ನಾಡಿದ್ದಿನಿಂದ ಹಿಮಕ್ಕೆ ದಾರಿ ಬಂದ್. ಬೇಸಿಗೆ ತನಕ ಅಕ್ಕ ಬರೋಕಾಗಲ್ಲ. ಅಷ್ಟರಲ್ಲಿ ಹೇಗಾದ್ರೂ ಧೈರ್ಯ ಮಾಡಿ ಬೇಡ ಅನ್ನೋದನ್ನ ಕಲಿತ್ಕೋತೀನಿ ಅಂತ."

"ಕೆಳಗಿನ ಗೇಟೂ ಮುಚ್ಚಿರ್ತದೆ ಅಂತ ಗೊತ್ತಿರಲಿಲ್ವಾ?"

"ಇಲ್ಲ. ರಾತ್ರಿಪಾಳಿಯವನು ಬಂದ ಮೇಲೆ ಹಾಗೇ ಮಾತಾಡ್ತಾ ಹೇಳಿದ. ಮಧ್ಯೆ ಸಿಕ್ಕಿಕೊಂಡ್ರೆ ಇಲಿಬೋನು ಅಂದ. ಕ್ಯಾನ್ ತುಂಬ ಬಿಸಿನೀರು ಹಿಡ್ಕೊಂಡು ಓಡಿದೆ. ಬೀಗ ಹೆಪ್ಪುಗಟ್ಟಿದ್ರೆ ಇರಲಿ ಅಂತ. ಬೀಗದ ಕೈ ತಿರುಗಲಿಲ್ಲ, ಸುರಿದೆ. ಸುರಿದಷ್ಟೂ..."

"ಕಂಬ ಸುತ್ತಿ ಹೋಗ್ಲಿಲ್ವಾ?"

"ಕಾಲಿಟ್ಟೆ. ಕೆಳಗೆ ಟಾರ್ಚು ಉರೀತಿತ್ತು ಸರ್. ಅಲ್ಲಾಡ್ತಾ ಇರಲಿಲ್ಲ. ಕಾಲು ಬರಲಿಲ್ಲ. ಫೋನ್ ಮಾಡಿದೆ."

"ಅಕ್ಕ ಹೊಡೀತಿದ್ಲಾ? ಬೈತಿದ್ಲಾ?" ಈ ಸಲ ಕೇಳಿದವನು ದಫೇದಾರ.

"ಅಯ್ಯೋ ಇಲ್ಲ. ದೇವರಂಥವಳು. ಅದಕ್ಕೇ ಕಷ್ಟ." ಹುಡುಗ ಬಾಯ್ಲರಿನ ಕಡೆ ನೋಡಿದ. "ಊರಲ್ಲಿ ನನ್ನ ಅಂಗಿ ಬಣ್ಣ ಕೂಡ ಅವಳೇ ಹೇಳ್ಬೇಕು. ನಾನು ಇದ್ದೀನಾ ಇಲ್ವಾ ಅಂತಲೇ ಗೊತ್ತಾಗ್ತಿರಲಿಲ್ಲ. ಒಂದು ಸಲ ಮಾತ್ರೆನೂ ನುಂಗಿದ್ದೆ. ಇಲ್ಲಿ ಬಂದ ದಿನ ಮೇಸ್ತ್ರಿ ಸಲಿಕೆ ಕೊಟ್ಟು, ಬಿಸಿಲಪ್ಪ, ಬೆಂಕಿ ಆರಿದ್ರೆ ನಲವತ್ತು ಜನ ನಡುಗ್ತಾರೆ, ನೀನುಂಟು ಅದುಂಟು ಅಂದ. ಇಲ್ಲಿ ತನಕ ಆರಿಸಿಲ್ಲ ಸರ್."

ಬದಲಿ ಆಳು ಬರುವ ತನಕ ಕಲ್ಲಿದ್ದಲು ಹಾಕಲು ಅವಕಾಶ ಕೇಳಿಕೊಂಡ. ಕೊಟ್ಟರು. ಒಂದೂವರೆಗೆ ದಸ್ತಗಿರಿ.

ಠಾಣೆಯಲ್ಲಿ ಡ್ರೈವರನ ಹೆಂಡತಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಬೆಳಗ್ಗಿನಿಂದ ಕೂಡಿಟ್ಟುಕೊಂಡಿದ್ದ ಬೈಗುಳವೊಂದೂ ಬಾಯಿಗೆ ಬರಲಿಲ್ಲ. "ನನ್ನ ಗಂಡ ನಿನಗೇನು ಮಾಡಿದ್ದ?" ಎಂದಳು, ಅಷ್ಟೇ. ಅವಳು ಎದ್ದು ಹೋದಳು.

ಅಕ್ಕನಿಗೆ ಹೇಳುವ ಕೆಲಸವನ್ನು ಇನ್‌ಸ್ಪೆಕ್ಟರ್ ಬೇರೆಯವರಿಗೆ ವಹಿಸಬಹುದಿತ್ತು. ತಾವೇ ಹೋದರು. ಅವಳು ಪೂರ್ತಿ ಕೇಳಿದಳು, ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಹೊಸ ಅಂಗಿಯನ್ನು ಮಡಚಿಟ್ಟು, "ಬರಬೇಡ ಅಂದಿದ್ರೆ ಸಾಕಿತ್ತಲ್ಲ ಸರ್," ಅಂದಳು.

"ಅಂದಿದ್ರೆ ನೀವು ಬರ್ತಿರಲಿಲ್ವಾ?"

ಅವಳು ತನ್ನ ನೀಲಿಗಟ್ಟಿದ ಕಾಲುಗಳನ್ನು ನೋಡಿಕೊಂಡಳು.

"ಬರ್ತಿದ್ದೆ," ಅಂದಳು.

ಮರುದಿನ ಆರೋಪಿಯನ್ನು ಬಯಲುಸೀಮೆಯ ನ್ಯಾಯಾಲಯಕ್ಕೆ ಹಾಜರುಪಡಿಸಲು ಠಾಣೆಯ ಗಾಡಿಯಲ್ಲಿ ಕಳುಹಿಸಲಾಯಿತು. ಆ ವರ್ಷ ಬೆಟ್ಟ ಇಳಿದ ಕೊನೆಯ ಗಾಡಿ ಅದೇ. ಅದು ದಾಟಿದ ಮೇಲೆ ಗೇಟಿನವನು ಹೊಸ ಬೀಗ ಹಾಕಿ ಬಟ್ಟೆ ಸುತ್ತಿದ. ಅಕ್ಕನನ್ನು ಬೇಸಿಗೆಯವರೆಗೆ ಕದಲಿಸುವ ಹಾಗಿಲ್ಲ ಎಂದು ವೈದ್ಯರು ಬರೆದುಕೊಟ್ಟ ಪ್ರಮಾಣಪತ್ರವನ್ನು ಇನ್‌ಸ್ಪೆಕ್ಟರ್ ಕಡತಕ್ಕೆ ಸೇರಿಸಿದರು.