ಕೈಗೊಂದು, ಮಾತಿಗೊಂದು

"ನನ್ನ ಮಗಳ ಕಾಲಿಗೆ ಏನೂ ಆಗಿಲ್ಲ! ಕೊಬ್ಬಿರೋದು ನಿನ್ನ ನಾಲಿಗೆ! ಯಾರನ್ನ ಕೇಳಿ ಅವಳನ್ನ ಆಸ್ಪತ್ರೆಗೆ ಎಳ್ಕೊಂಡು ಹೋದೆ? ಬೊಗಳೇ!"

ಅತ್ತೆ ಕೂಗಿದ ರಭಸಕ್ಕೆ ಗೋಡೆಗೆ ಒರಗಿಸಿದ್ದ ಗಾಜಿನ ಹಾಳೆಗಳು ಸಣ್ಣಗೆ ಝಣಗುಟ್ಟಿದವು. ಫೋಟೋಗೆ ಕಟ್ಟು ಹಾಕಿಸಲು ಬಂದಿದ್ದ ಹೆಂಗಸು "ಆಮೇಲೆ ಬರ್ತೀನಿ" ಎಂದು ಮೆಲ್ಲನೆ ಜಾರಿಕೊಂಡಳು. ಜಾರಿಕೊಂಡವಳು ಮನೆಗೆ ಹೋದಳೆಂದುಕೊಂಡಿರಾ? ಇಲ್ಲ, ಎದುರಿನ ಚಪ್ಪಲಿ ಅಂಗಡಿಯ ಮೆಟ್ಟಿಲೇರಿ ಕಿವಿಯನ್ನು ಇತ್ತಲೇ ಇಟ್ಟು ನಿಂತಳು. ಈ ಅಂಗಡಿಯ ಜಗಳ ಅಂದರೆ ಬೀದಿಗೆಲ್ಲ ಪುಕ್ಕಟೆ ನಾಟಕ.

ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಚಿಟ್ಟೆ ಏನು ತೊಟ್ಟಿಲ ಮಗುವಾ, ನಿಮ್ಮನ್ನ ಕೇಳೋಕೆ? ಬೆಳಗ್ಗೆ ಎದ್ದರೆ ಎಡಗಾಲಿನ ಬೆರಳು ಒಳಕ್ಕೆ ಮುರುಟಿಕೊಳ್ಳುತ್ತೆ. ಕಾಲಲ್ಲಿ ಚಪ್ಪಲಿ ನಿಲ್ಲಲ್ಲ. ಹೆತ್ತವರಿಗೆ ಕಾಣ್ಲಿಲ್ಲ, ನನಗೆ ಕಾಣ್ತು. ಅದೇ ತಪ್ಪಾ?"

"ಕಾಣದೇ ಏನು! ನಿನ್ನ ಕಣ್ಣು ಬಿದ್ದ ಮೇಲೆ ಯಾರು ನೆಟ್ಟಗಿದಾರೆ? ಮೊದಲು ನನ್ನ ಮಗನ್ನ ತಿಂದೆ. ಈಗ ಮಗಳಿಗೆ ಬಾಯಿ ಹಾಕಿದೀಯಾ?"

ಚಿಟ್ಟೆ ಎಂದರೆ ನಾದಿನಿ. ಚಿಕ್ಕಂದಿನಲ್ಲಿ ಒಂದು ಕಡೆ ಕೂರದೆ ಮನೆ ತುಂಬ ಹಾರಾಡುತ್ತಿದ್ದಳೆಂದು ಬಿದ್ದ ಹೆಸರು. ಮದುವೆಯ ಮಾತು ಬಂದಾಗಲೆಲ್ಲ "ನೀನು ಹೋದರೆ ಅಂಗಡಿ ಯಾರು ನೋಡ್ತಾರೆ" ಎಂದು ತಾಯಿ ತಡೆದು ತಡೆದು, ಈಗ ಮೂವತ್ತು ದಾಟಿದ ಚಿಟ್ಟೆ ಮೂಲೆಯ ಸ್ಟೂಲಿನ ಮೇಲೆ ಕೂತು ಚೌಕಟ್ಟುಗಳಿಗೆ ರಟ್ಟು ಕಟ್ಟುತ್ತಿದ್ದಳು. ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟುಕೊಂಡಿದ್ದಳು, ಕದ್ದ ಮಾಲಿನ ಹಾಗೆ.

ಅತ್ತೆ ಕಷ್ಟಪಟ್ಟವಳೇ, ಇಲ್ಲವೆನ್ನುವಂತಿಲ್ಲ. ಗಂಡ ತೀರಿಕೊಂಡಾಗ "ಅಂಗಡಿ ಮಾರಿಬಿಡಮ್ಮ" ಎಂದ ನೆಂಟರನ್ನೆಲ್ಲ ಬಾಗಿಲಲ್ಲೇ ತಿರುಗಿಸಿ ಕಳಿಸಿ, ಎರಡು ಮಕ್ಕಳನ್ನು ಕಟ್ಟಿಕೊಂಡು, ಗಾಜಿನ ಹಾಳೆಗಳನ್ನು ತಾನೇ ಹೊತ್ತು ಇಳಿಸಿದವಳು. ಅಂಗೈ ತುಂಬ ಗಾಯದ ಗುರುತು. ಆದರೆ ಒಬ್ಬಳು ಕಷ್ಟಪಟ್ಟಳೆಂದು ಮನೆಯವರೆಲ್ಲ ಅವಳ ಕಾಲೊರಸಾಗಬೇಕೇ? ಹೇಳಿ, ಇದು ಎಲ್ಲಿಯ ನ್ಯಾಯ!

ಮಗ ಗಾಜು ಕೊಯ್ಯುವವನು. ಸುತ್ತಮುತ್ತಲ ಬಡಗಿಗಳು ಅವನನ್ನು 'ಗೆರೆ' ಎಂದೇ ಕರೆಯುತ್ತಿದ್ದರು. ಗಾಜಿನ ಮೇಲೆ ಗೆರೆ ಎಳೆಯುವುದು ಒಂದೇ ಸಲ. ಕೈ ಅಳುಕಿತೆಂದು ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆದರೆ ಗಾಜು ಎಲ್ಲೆಂದರಲ್ಲಿ ಸೀಳುತ್ತದೆ. ಅವನು ಅಳತೆಪಟ್ಟಿ ಇಟ್ಟು, ಉಸಿರು ಹಿಡಿದು, ಅಂಚಿನಿಂದ ಅಂಚಿಗೆ ಒಮ್ಮೆ ಎಳೆದು ಬೆರಳಿನ ಗಿಣ್ಣಿನಿಂದ ತಟ್ಟಿದನೆಂದರೆ ಗಾಜು ತಾನಾಗಿ ಎರಡಾಗುತ್ತಿತ್ತು. ಆ ಕೈಗೇ ನಡುಕ ಶುರುವಾಯಿತು! ನಲವತ್ತು ತುಂಬದ ಗಂಡಸಿಗೆ ಪಾರ್ಕಿನ್ಸನ್ ಕಾಯಿಲೆ ಎಂದರೆ ಮೊದಲು ಯಾರೂ ನಂಬಲಿಲ್ಲ. ಅತ್ತೆ ಮಾತ್ರ ತಡಮಾಡದೆ ಕಾರಣ ಹುಡುಕಿಕೊಟ್ಟಳು. "ಇವಳು ಕಾಲಿಟ್ಟ ಗಳಿಗೆ!" ಬಂದ ಗಿರಾಕಿಗಳಿಗೆಲ್ಲ ಗಾಜಿನ ಜೊತೆ ಆ ಮಾತನ್ನೂ ಕಟ್ಟಿ ಕೊಟ್ಟಳು. ಬೀದಿಯ ಹೆಂಗಸರು ಸೊಸೆಯ ಕೈಯಿಂದ ಒಂದು ಲೋಟ ನೀರು ಈಸಿಕೊಳ್ಳಲೂ ಹಿಂದುಮುಂದು ನೋಡುವ ಹಾಗಾಯಿತು.

ಮಾತ್ರೆಗಳು ಸಾಲದಾದಾಗ ಮೆದುಳಿನ ಆಪರೇಷನ್. ತಲೆಗೆ ಲೋಹದ ಚೌಕಟ್ಟು ಬಿಗಿದಾಗ ಗೆರೆ ನಕ್ಕಿದ್ದ. "ಊರಿಗೆಲ್ಲ ಫ್ರೇಮ್ ಹಾಕಿದೆ, ಇವತ್ತು ನನಗೇ ಹಾಕಿದರು ನೋಡೇ!" ಅವನನ್ನು ಎಚ್ಚರವಾಗಿಟ್ಟುಕೊಂಡೇ ಮೆದುಳಿಗೆ ಕೂದಲೆಳೆಯಂಥ ತಂತಿ ಇಳಿಸಿದರು. ಆಮೇಲೆ ಎದೆಯ ಮೇಲ್ಭಾಗದಲ್ಲಿ, ಚರ್ಮದಡಿ, ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದರು. ಯಂತ್ರ ಚಾಲೂ ಮಾಡಿದ ದಿನ ಕೈ ಕಲ್ಲಿನ ಹಾಗೆ ನಿಂತಿತು. ಅಯ್ಯೋ, ಆ ದಿನ ಸೊಸೆ ಅತ್ತಿದ್ದೇ ಅತ್ತಿದ್ದು...!

ಆದರೆ ಅದಕ್ಕೊಂದು ಬೆಲೆಯಿತ್ತು. ಕೈ ಪೂರ್ತಿ ನಿಲ್ಲುವಷ್ಟು ವಿದ್ಯುತ್ ಕೊಟ್ಟರೆ ನಾಲಿಗೆ ದಪ್ಪವಾಗಿ ಮಾತು ಕಲಸುತ್ತಿತ್ತು. ಮಾತು ತಿಳಿಯಾಗಲಿ ಎಂದು ತಗ್ಗಿಸಿದರೆ ಕೈ ಮತ್ತೆ ನಡುಗುತ್ತಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ ಎಂದ ಡಾಕ್ಟರು ಯಂತ್ರದಲ್ಲಿ ಎರಡು ಬಗೆಯನ್ನು ಹೊಂದಿಸಿ, ಬದಲಾಯಿಸಲು ಅಂಗೈಯಗಲದ ಒಂದು ರಿಮೋಟ್ ಕೊಟ್ಟರು. ಕೆಲಸದ ಹೊತ್ತಿಗೆ ಕೈಗೊಂದು. ಮನೆಯವರ ಜೊತೆ ಕೂತಾಗ ಮಾತಿಗೊಂದು. ಕೆಲವು ತಿಂಗಳು ಅದು ಹಾಗೇ ನಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ರಿಮೋಟ್ ಅತ್ತೆಯ ಗಲ್ಲಾಪೆಟ್ಟಿಗೆ ಸೇರಿತು, ಪೆಟ್ಟಿಗೆಯ ಬೀಗದಕೈ ಅವಳ ಸೊಂಟ ಸೇರಿತು. ಸೊಸೆ ಕೇಳಿದರೆ, "ಗಾಜು ಕೊಯ್ಯೋಕೆ ಕೈ ಸಾಕು. ಬಾಯಿಯ ಕೆಲಸಕ್ಕೆ ನಾನಿದೀನಿ, ನೋಡ್ಕೋತೀನಿ" ಎಂದಳು. ಗಂಡ ತಲೆ ತಗ್ಗಿಸಿಕೊಂಡು ಗೆರೆ ಎಳೆಯುತ್ತಲೇ ಹೋದ. ಯಾಕೆಂದು ಅವಳಿಗೆ ಗೊತ್ತಾಗಿದ್ದು ಈ ದಿನ.

"ಡಾಕ್ಟರು ಏನಂದ್ರು ಅಂತ ಕೇಳಿದ್ರಾ?" ಸೊಸೆ ದನಿ ಏರಿಸಿದಳು. "ನಿಮ್ಮ ಮಗನ ರಕ್ತ ನೋಡಿದಾಗಲೇ ಹೇಳಿದ್ರು. ಇದು ವಂಶದಲ್ಲಿ ಬಂದಿದ್ದು. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡೂ ಕೂಡಿದರೇನೇ ಈ ವಯಸ್ಸಿಗೆ ಕಾಯಿಲೆ. ಒಡಹುಟ್ಟಿದವರಿಗೂ ಇರಬಹುದು, ತೋರಿಸಿ ಅಂದ್ರು. ಇವತ್ತು ಚಿಟ್ಟೆ ರಕ್ತ ಕೊಡೋಕೆ ಹೋಗ್ಬೇಕು. ಈಗಲೇ ಔಷಧಿ ಶುರು ಮಾಡಿದ್ರೆ ಕಾಲು ಸಡಿಲ ಆಗುತ್ತೆ ಅಂತಿದಾರೆ, ಕೇಳ್ತಾ?"

"ನಮ್ಮ ವಂಶಕ್ಕೆ ಮಸಿ ಬಳೀತೀಯೇನೇ? ನಮ್ಮ ಕಡೆ ಯಾರಿಗೂ ಇಂಥ ರೋಗ ಇರಲಿಲ್ಲ! ಚಿಟ್ಟೆಗಿರೋದು ಸೋಮಾರಿತನ. ಎದ್ದು ಓಡಾಡಿದ್ರೆ ಸರಿಹೋಗುತ್ತೆ. ಅವಳು ಎಲ್ಲಿಗೂ ಬರಲ್ಲ!"

ಆಗ ಗಾಜಿನ ಮೇಜಿನ ಹತ್ತಿರ ಒಂದು ಸದ್ದಾಯಿತು. ಗೆರೆ ದೊಡ್ಡ ಕನ್ನಡಿಯೊಂದನ್ನು ಮಲಗಿಸಿಕೊಂಡು ನಿಂತಿದ್ದ. "ಅಂ...ಮಾ... ಮಾ...ವ..." ಎಂದ. ಬಾಯಲ್ಲಿ ಹತ್ತಿ ತುಂಬಿದಂತಿತ್ತು.

ಅತ್ತೆಯ ಮುಖ ಬಿಳಿಚಿಕೊಂಡಿತು. "ನೀನು ಸುಮ್ನಿರು! ಗೆರೆ ಎಳಿ!"

ಅವನು ಎದೆ ಮುಟ್ಟಿಕೊಂಡು ಗಲ್ಲಾಪೆಟ್ಟಿಗೆಯ ಕಡೆ ಕೈ ತೋರಿಸಿದ. ಬೀಗದಕೈ ಪೆಟ್ಟಿಗೆಯಲ್ಲೇ ನೇತಾಡುತ್ತಿತ್ತು. ಫೋಟೋದ ಹೆಂಗಸು ಕೊಟ್ಟ ಮುಂಗಡಕ್ಕೆ ಚಿಲ್ಲರೆ ಕೊಡಲು ತೆಗೆದಿದ್ದು, ಜಗಳದ ಬಿಸಿಯಲ್ಲಿ ಮರೆತುಹೋಗಿತ್ತು. ಸೊಸೆ ಹೆಜ್ಜೆ ಇಡುವ ಮೊದಲೇ ಚಿಟ್ಟೆ ಎದ್ದಳು. ಎಡಗಾಲನ್ನು ನೆಲಕ್ಕೆ ಉಜ್ಜುತ್ತಾ, ಎಲ್ಲರ ಎದುರೇ ಉಜ್ಜುತ್ತಾ, ಹೋಗಿ ಪೆಟ್ಟಿಗೆ ತೆರೆದು ರಿಮೋಟ್ ತೆಗೆದಳು.

"ಏ ಚಿಟ್ಟೆ! ಇಡು ಅಲ್ಲಿ! ಕೈ ಮುರೀತೀನಿ!"

"ಮುರಿ. ಕಾಲು ಹೇಗೂ ಹೋಯ್ತು" ಎಂದಳು ಚಿಟ್ಟೆ. "ನನ್ನ ಕಾಲಿಗೆ ಏನಾಗ್ತಿದೆ ಅಂತ ಅಣ್ಣನ ಬಾಯಲ್ಲೇ ಕೇಳ್ಬೇಕು ನಾನು."

ಗೆರೆ ರಿಮೋಟ್ ಅನ್ನು ಎದೆಗೆ ಹಿಡಿದು ಗುಂಡಿ ಒತ್ತಿದ. ಮೊದಲು ಬಲಗೈ ಹೆಬ್ಬೆರಳು ಮಿಡುಕಿತು. ಆಮೇಲೆ ಮಣಿಕಟ್ಟು. ಗಾಜು ಕೊಯ್ಯುವ ಕಟರ್ ಬೆರಳಿನಿಂದ ಜಾರಿ ಕನ್ನಡಿಯ ಮೇಲೆ ಉರುಳಿ ನೆಲಕ್ಕೆ ಬಿತ್ತು. ಎರಡು ಕೈಯೂ ಗಾಳಿಗೆ ಸಿಕ್ಕ ಕಾಗದದ ಹಾಗೆ ಬಡಿದುಕೊಳ್ಳತೊಡಗಿದವು. ಅವನು ಉಗುಳು ನುಂಗಿದ, ಗಂಟಲು ಸರಿಮಾಡಿಕೊಂಡ.

"ಮಾವ ಕುಡೀತಿರಲಿಲ್ಲ, ಅಮ್ಮ."

ಎಷ್ಟು ತಿಳಿಯಾದ ಮಾತು! ಹೆಂಡತಿ ಆ ದನಿಯನ್ನು ಕೇಳಿ ಎಷ್ಟು ಕಾಲವಾಗಿತ್ತು!

"ನಿನ್ನ ತಮ್ಮ. ನಮ್ಮ ಹಿಂದಿನ ಕೋಣೇಲಿ ಇದ್ದನಲ್ಲ... ಲೋಟ ಹಿಡಿದರೆ ನೀರೆಲ್ಲ ಮೈಮೇಲೆ ಚೆಲ್ಲಿಕೊಳ್ತಿದ್ದ. ನಾನೇ ಕುಡಿಸ್ತಿದ್ದೆ, ಬರೀ ನೀರು. ಅವನಿಗೂ ಮೊದಲು ಕಾಲೇ ಮುರುಟಿದ್ದು. ನೀನು ಕುಡುಕ ಅಂತ ಬೀದಿಗೆಲ್ಲ ಹೇಳಿ ಹೊರಗೆ ಹಾಕಿದೆ. ಎಲ್ಲೋ ಬಸ್ ನಿಲ್ದಾಣದಲ್ಲಿ ಹೆಣವಾದ. ಡಾಕ್ಟರು ವಂಶದ ಮಾತು ಹೇಳಿದ ದಿನ ಮನೇಲಿ ಇದನ್ನೇ ನಿನ್ನ ಕೇಳಿದೆ. ಮಾರನೇ ದಿನ ರಿಮೋಟ್ ಪೆಟ್ಟಿಗೆ ಸೇರ್ತು!"

"ನನಗೆ ಎರಡು ಮಕ್ಕಳಿದ್ರು ಕಣೋ!" ಅತ್ತೆ ಚೀರಿದಳು. "ರೋಗದ ಮನೆ ಅಂತ ಗೊತ್ತಾಗಿದ್ರೆ ಯಾರೋ ಹೆಣ್ಣು ಕೊಡ್ತಿದ್ರು ನಿನಗೆ? ಯಾರು ಬರ್ತಿದ್ರು ಈ ಅಂಗಡಿಗೆ?"

ಸೊಸೆಯ ಕಿವಿ ಗುಂಯ್‌ಗುಟ್ಟಿತು. ಗೊತ್ತಿತ್ತು! ಎಲ್ಲ ಗೊತ್ತಿದ್ದೇ ತನ್ನನ್ನು ತಂದರು, ಗೊತ್ತಿದ್ದೇ ತನ್ನ ಹಣೆಗೆ ಕೆಟ್ಟ ಕಾಲ್ಗುಣದವಳೆಂಬ ಹೆಸರು ಅಂಟಿಸಿದರು! ಅವಳು ಅತ್ತೆಯ ಕಡೆ ತಿರುಗಲಿಲ್ಲ, ಗಂಡನ ಕಡೆ ತಿರುಗಿದಳು.

"ರೀ... ಬಾಯಿ ಕಟ್ಟಿದ್ರು, ಸರಿ. ಕೈ ನೆಟ್ಟಗಿತ್ತಲ್ಲ? ಒಂದು ಚೀಟಿ ಬರೆದು ನನ್ನ ಕೈಗೆ ಕೊಡೋಕಾಗ್ಲಿಲ್ವಾ?"

ಗೆರೆ ನಡುಗುವ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡ. "ಅಮ್ಮ ಅಲ್ವೇನೇ... ಅಂತ ಸುಮ್ನಾದೆ."

"ನಾನು ಯಾರು?"

ಅವನು ಕೆಳಗೆ ಬಿದ್ದಿದ್ದ ಕಟರ್ ಎತ್ತಲು ಬಗ್ಗಿದ.

ಸೊಸೆ ಕಣ್ಣೊರೆಸಿಕೊಂಡು ಹೋಗಿ ಅರ್ಧ ಮುಚ್ಚಿದ್ದ ಬಾಗಿಲನ್ನು ಧಡಾರನೆ ತೆರೆದಳು. ಬೀದಿಯಲ್ಲಿ ಹತ್ತಾರು ಜನ. ಚಪ್ಪಲಿ ಅಂಗಡಿಯವನು, ಫೋಟೋದ ಹೆಂಗಸು, ಕೆಲಸಕ್ಕೆ ಹೊರಟಿದ್ದ ಬಡಗಿಗಳು, ಎಲ್ಲರೂ ಒಮ್ಮೆಲೇ ಬೇರೆಲ್ಲೋ ನೋಡುವವರಂತೆ ಮುಖ ತಿರುಗಿಸಿದರು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನನ್ನ ಬೈದಿದ್ದು, ಹಂಗಿಸಿದ್ದು ಎಲ್ಲ ಇಲ್ಲಿಗೇ ಬಿಡ್ತೀನಿ. ನಿಮ್ಮ ತಮ್ಮನ ಸುದ್ದೀನೂ ಎತ್ತಲ್ಲ. ಇವರ ಮುಂದೆ ಒಂದೇ ಒಂದು ಮಾತು ಹೇಳಿ. ಈ ಕಾಯಿಲೆ ನನ್ನಿಂದ ಬಂದಿದ್ದಲ್ಲ ಅಂತ. ಅಷ್ಟು ಹೇಳಿ ಸಾಕು. ಚಿಟ್ಟೆನ ನೀವೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಾನು ಅಡುಗೆಮನೆ ಬಿಟ್ಟು ಹೊರಗೆ ಬರಲ್ಲ..."

ಅತ್ತೆ ಬಾಗಿಲ ತನಕ ಬಂದಳು. ಜನರನ್ನು ನೋಡಿದಳು. ತುಟಿ ಅದುರಿತು. ಒಂದು ಗಳಿಗೆ ಸೊಸೆಗೆ ಅನ್ನಿಸಿತು, ಹೇಳುತ್ತಾಳೆ, ಹೇಳಿಯೇಬಿಡುತ್ತಾಳೆ! ಚಿಟ್ಟೆ ಕೂಡ "ಹೇಳಮ್ಮಾ" ಎಂದು ಹಿಂದಿನಿಂದ ಬಿಕ್ಕಿದಳು.

ಅತ್ತೆ ಹಿಂದಕ್ಕೆ ಹೋಗಿ ಪೆಟ್ಟಿಗೆಯಿಂದ ಬೀಗದಕೈ ಕಿತ್ತು, ಕನ್ನಡಿಯ ಮೇಲೆ ಇಟ್ಟಳು. ಎಸೆಯಲಿಲ್ಲ, ಗಾಜಿಗೆ ಗೀರು ಬೀಳದಂತೆ ಮೆಲ್ಲಗೆ ಇಟ್ಟಳು. ಹೊಸಿಲ ಬಳಿ ಚಪ್ಪಲಿ ಮೆಟ್ಟಿಕೊಂಡಳು. ಹೊರಗಿಳಿದು, ಸೆರಗನ್ನು ಹೆಗಲ ತುಂಬ ಹೊದ್ದು, ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ನೋಡಿದ್ರೇನ್ರಪ್ಪಾ? ಸೊಸೆ ಬಾಗಿಲು ತೆಗೆದು ನನ್ನನ್ನ ಹೊರಗೆ ಹಾಕಿದಳು."

ಫೋಟೋದ ಹೆಂಗಸು ಆಗಲೇ ಪಕ್ಕದವಳ ಕಿವಿಗೆ ಬಾಯಿ ಇಟ್ಟಿದ್ದಳು. "ಅಮ್ಮಾ, ನಿಲ್ಲು!" ಎಂದು ಗೆರೆ ಕೂಗಿದ. ಚಿಟ್ಟೆ ಅಂಗಡಿಯ ಮೆಟ್ಟಿಲ ತನಕ ಓಡಿದಳು, ಕಾಲು ತಿರುಚಿ ಅಲ್ಲೇ ಕುಸಿದಳು. ಮಗಳು ಬಿದ್ದ ಸದ್ದು ಕೇಳಿಸಿರಲೇಬೇಕು. ಮುದುಕಿಯ ಹೆಜ್ಜೆ ಒಮ್ಮೆ ತಡೆಯಿತು. ಆಮೇಲೆ ಮುಂದೆ ನಡೆಯಿತು.

ಸೊಸೆ ಚಿಟ್ಟೆಯ ಪಕ್ಕ ಕೂತು, ಮುರುಟಿದ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸಿ, ಕಾಲಿಗೆ ಚಪ್ಪಲಿ ತೊಡಿಸಿದಳು. "ಅಳಬೇಡ, ಏಳು. ರಕ್ತ ತೆಗೆಯೋರು ನಮಗಾಗಿ ಕಾಯ್ತಾ ಕೂರಲ್ಲ" ಎಂದಳು. ಗಂಡನ ಕಡೆ ತಿರುಗಿ ನೋಡಲಿಲ್ಲ.

ಬೀದಿಯ ತಿರುವಿನಲ್ಲಿ ಆ ನೆಟ್ಟನೆಯ ಬೆನ್ನು ಮರೆಯಾಯಿತು. ಅಂದಿನಿಂದ ಇಂದಿನವರೆಗೆ ಅದು ಇತ್ತ ತಿರುಗಿಲ್ಲ.