ಖಾಲಿ ಬಿಟ್ಟ ನಾಲ್ಕನೇ ಕಾಲಂ

"ಅಳಿಸ್ಬುಡಿ... ಅದೆಲ್ಲ ಸುಳ್ಳು!"

ಬೆನ್ನ ಹಿಂದಿನಿಂದ ಬಂದ ದನಿಗೆ ಶ್ರೀಲತಾಳ ಪೆನ್ನು ಹಾಳೆಯ ಮೇಲೆ ಉದ್ದಕ್ಕೆ ಗೀರಿತು. ತಿರುಗಿ ನೋಡಿದರೆ ಅಶ್ವತ್ಥ, ರಾಯಚರ್ಲು ಪಂಚಾಯಿತಿ ಲೈಬ್ರರಿಗೆ ಹೊಸದಾಗಿ ಬಂದ ಮೇಲ್ವಿಚಾರಕ. ಬುಕ್ಕಾಪಟ್ಟಣದ ಕಡೆಯವನಂತೆ. ಬಂದು ವಾರವಾಗಿಲ್ಲ, ದರ್ಬಾರು ನೋಡಿ!

"ಏನ್ರೀ ಸುಳ್ಳು? ಕಂಪ್ಯೂಟರ್‌ನಲ್ಲಿ ಇರೋದನ್ನೇ ಬರ್ಕೊಂತಿದೀನಿ."

"ಗ್ರೀಕರು ಶಿಲ್ಪಕ್ಕೆ ಬಣ್ಣ ಹಚ್ತಿರ್ಲಿಲ್ಲ ಅಂತ ಬರ್ದಿದೀರಲ್ಲ... ಹಚ್ತಿದ್ರು. ಕಾಲ ಕಳೆದು ಬಣ್ಣ ಹೋಗೈತೆ ಅಷ್ಟೇ. ಇದನ್ನ ಬರ್ದೋರ ಹೆಸರೈತಾ ನೋಡಿ?"

ನೋಡಿದಳು. ಹೆಸರಿರಲಿಲ್ಲ. ತಾರೀಖೂ ಇರಲಿಲ್ಲ. ಪಕ್ಕದಲ್ಲಿ ಕೂದಲೆಣ್ಣೆಯ ಜಾಹೀರಾತು ಮಾತ್ರ ಕುಣಿಯುತ್ತಿತ್ತು.

ಅವಳಿಗೆ ಅಳುವೇ ಬಂದಿತು. ಹಗಲೆಲ್ಲ ಪಾವಗಡದ ಶಾಲೆಯಲ್ಲಿ ಪಾಠ ಮಾಡಿ, ಬಸ್ಸಿನಲ್ಲಿ ನಿಂತು ಬಂದು, ದೂರ ಶಿಕ್ಷಣದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದ ಹುಡುಗಿ ಅವಳು. ಪ್ರಾಚೀನ ಗ್ರೀಸ್ ಮತ್ತು ರೋಮ್ ಪತ್ರಿಕೆಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಕೈಗೆ ಸಿಕ್ಕಿರಲಿಲ್ಲ. ಈ ತಾಣ ನೋಡಿಯೇ ನಲವತ್ತು ಪುಟ ಬರೆದಿದ್ದಳು. ನಲವತ್ತೂ ದಂಡ!

"ಅಳ್ಬ್ಯಾಡ್ರೀ..." ಅವನು ಗಾಬರಿಯಾದ. "ನಾನೂ ಇದೇ ಪೇಪರ್‌ನಾಗೆ ಒಂದ್ಸಲ ಫೇಲಾದೋನು. ಹೆಂಗೆ ಹುಡುಕಬೇಕು ಅಂತ ತೋರಿಸ್ತೀನಿ."

ಹಾಳೆಯೊಂದಕ್ಕೆ ನಾಲ್ಕು ಕಾಲಂ ಎಳೆದ. ಹೇಳಿದವರು ಯಾರು? ಯಾವಾಗ? ಸಾಕ್ಷಿ ಏನು? ಬೇರೆಯವರೂ ಅದನ್ನೇ ಹೇಳುತ್ತಾರಾ? ಕೊನೆಗೊಂದು ಸಾಲು, ತೀರ್ಮಾನ.

ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಮ್ಯೂಸಿಯಂಗಳ ತಾಣ, ಹಳೆಯ ಗ್ರಂಥಗಳ ಅನುವಾದ ಇಟ್ಟಿರುವ ವಿಶ್ವವಿದ್ಯಾಲಯಗಳ ತಾಣ, ಎಲ್ಲಕ್ಕೂ ಒಂದೊಂದು ಹಾಳೆ. ಒಮ್ಮೆ ಅವಳು ಎಐ ಕೊಟ್ಟ ಉತ್ತರವನ್ನು ಹೆಮ್ಮೆಯಿಂದ ತೋರಿಸಿದಳು. ಅದು ಹೇಳಿದ ಪುಸ್ತಕವನ್ನು ಇಬ್ಬರೂ ಒಂದು ಗಂಟೆ ಹುಡುಕಿದರು. ಅಂಥ ಪುಸ್ತಕವೇ ಇರಲಿಲ್ಲ! ಇಬ್ಬರೂ ನಕ್ಕ ನಗುವಿಗೆ ಪಕ್ಕದ ಪಂಚಾಯಿತಿ ಆಫೀಸಿನವರು ಇಣುಕಿ ನೋಡಿ ಹೋದರು.

ಮೂರು ವಾರದಲ್ಲಿ ಶ್ರೀಲತಾಗೆ ರೋಮ್ ಎಷ್ಟು ತಿಳಿಯಿತೋ ಬಿಟ್ಟಿತೋ, ತನ್ನ ಮನಸ್ಸಂತೂ ತಿಳಿದುಹೋಯಿತು. ಅವನ ಮನಸ್ಸು ಮಾತ್ರ ಗೊತ್ತಾಗಲೊಲ್ಲದು. 'ಇವನಿಗೂ ನನ್ನ ಮೇಲೆ... ಇದೆಯಾ? ಇಲ್ಲವಾ?' ಪರೀಕ್ಷೆಗಿಂತ ಈ ಪ್ರಶ್ನೆಯೇ ಅವಳ ನಿದ್ದೆ ಕೆಡಿಸಿತು.

ಹೀಗಿರುವಾಗ ಒಂದು ಗುರುವಾರ ಅವನು ಮುಖ ಎತ್ತದೆ ಫೈಲೊಂದನ್ನು ಮುಂದಿಟ್ಟ.

"ಎಲ್ಲ ಹಾಳೆ ಇದ್ರಾಗೈತೆ ಮೇಡಂ. ಇನ್ನು ನೀವು ಮನೇಲೇ ಓದ್ಕೋಬೋದು."

ಮೇಡಂ?! ನಿನ್ನೆಯ ತನಕ ಇಲ್ಲದ ಮೇಡಂ ಇವತ್ತು ಎಲ್ಲಿಂದ ಬಂತು?

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ಅಯ್ಯೋ, ಹಂಗೇನಿಲ್ಲ." ಎದ್ದು ಹೋಗಿ, ಜೋಡಿಸಿದ್ದ ಪುಸ್ತಕಗಳನ್ನೇ ಮತ್ತೆ ಜೋಡಿಸತೊಡಗಿದ.

ಮನೆಗೆ ಬಂದು ಫೈಲು ತೆರೆದಳು. ಎಲ್ಲದರ ಕೆಳಗೆ, ತಪ್ಪಿ ಸೇರಿಕೊಂಡಂತೆ ಒಂದು ಹಾಳೆ. ಮೇಲೆ ತಾಣದ ಹೆಸರಿಲ್ಲ.

ಹೇಳಿದವರು: ಪಟಾಲಮ್ಮನವರು. ಯಾವಾಗ: ಬುಧವಾರ. ಸಾಕ್ಷಿ: ಕಣ್ಣಾರೆ ಕಂಡೆ. ನಾಲ್ಕನೇ ಕಾಲಂ ಖಾಲಿ. ತೀರ್ಮಾನ: ಬಿಡಬೇಕು.

ಶ್ರೀಲತಾ ಮೂರು ಸಲ ಓದಿದಳು. ಪಟಾಲಮ್ಮ ಅಂದರೆ ತನ್ನ ಅಜ್ಜಿ! ಓದು ಬರಹ ಬಾರದ ಅಜ್ಜಿ ಗ್ರೀಸಿನ ಬಗ್ಗೆ ಇವನಿಗೆ ಏನು ಹೇಳಿರಬಹುದು? ಏನನ್ನು ಬಿಡಬೇಕು? ಅವಳ ತಲೆ ಕೆಟ್ಟು ಗೊಬ್ಬರವಾಯಿತು.

ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅಜ್ಜಿ, ಬುಧವಾರ ಲೈಬ್ರರಿಯವರಿಗೆ ಏನ್ ಹೇಳ್ದೆ?"

"ಆಧಾರ್ ಕೆಲ್ಸಕ್ಕೆ ಪಂಚಾಯಿತಿಗೆ ಹೋಗಿದ್ನಲ್ಲಮ್ಮಾ... ನೀನು ಅಂಜನ್ ಬೈಕಿನಾಗೆ ಬಂದು ಇಳಿದೆ. ಲೈಬ್ರರಿ ಅಯ್ಯ, ಬೈಕಿನೋರು ಯಾರಜ್ಜಿ ಅಂತ ಕೇಳ್ದ. ನಮ್ಮ ಲತಾ ಗಂಡ ಕಣಪ್ಪಾ ಅಂದೆ."

"ಅಜ್ಜೀ!"

"ಏನಾಯ್ತೇ? ನೀನು ತೊಟ್ಲಾಗೆ ಇದ್ದಾಗಿಂದ ಅಂಗೇ ಅಂತೀವಲ್ಲ!"

ಹೌದು, ಸೋದರಮಾವನ ಮಗ ಅಂಜನ್ ಕುಮಾರ್‌ನನ್ನು ಮನೆಮಂದಿಯೆಲ್ಲ ಅವಳ ಗಂಡ ಎಂದೇ ರೇಗಿಸುವುದು. ಅವನಿಗೆ ಕೊರಟಗೆರೆಯ ಹುಡುಗಿಯ ಜೊತೆ ನಿಶ್ಚಿತಾರ್ಥವಾದರೂ ಆ ತಮಾಷೆ ನಿಂತಿರಲಿಲ್ಲ. ಅದು ಹೊರಗಿನವನಿಗೆ ಹೇಗೆ ಗೊತ್ತಾಗಬೇಕು!

ಬಿಡಬೇಕು ಅಂದರೆ... ನನ್ನನ್ನು! ಅಂದರೆ ಇಷ್ಟು ದಿನ ಅವನ ಮನಸ್ಸಿನಲ್ಲಿ... ಶ್ರೀಲತಾಗೆ ಸಿಟ್ಟೂ ಬಂತು, ನಗುವೂ ಬಂತು, ಕಣ್ಣೀರೂ ಬಂತು. ಯಾವುದು ಮೊದಲೆಂದು ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಸಂಜೆ ಲೈಬ್ರರಿಯಲ್ಲಿ ಅವನೊಬ್ಬನೇ ಇದ್ದ. ಅವಳು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಅವನ ಮುಖ ಬಿಳುಚಿಕೊಂಡಿತು.

"ಇದು... ಇದು ಹೆಂಗೆ ಅದ್ರಾಗೆ..."

"ಒಬ್ಬರ ಮಾತು ಕೇಳಿ ನಂಬಬಾರದು ಅಂತ ನನಗೆ ಕಲಿಸಿದೋರು ಯಾರು? ಬೈಕಿನಲ್ಲಿ ಬಂದೋನು ನನ್ನ ಮಾವನ ಮಗ ಅಂಜನ್, ಅವನಿಗೆ ಬೇರೆ ಹುಡುಗಿ ಜೊತೆ ನಿಶ್ಚಿತಾರ್ಥ ಆಗಿದೆ. ಅಜ್ಜಿ ಆಡಿದ್ದು ತಮಾಷೆ. ನಾಲ್ಕನೇ ಕಾಲಂ ಯಾಕೆ ಖಾಲಿ ಬಿಟ್ರಿ? ನನ್ನನ್ನ ಒಂದು ಮಾತು ಕೇಳ್ಬೋದಿತ್ತಲ್ಲ!"

ಅಶ್ವತ್ಥ ಹಾಳೆಯನ್ನು ತನ್ನತ್ತ ಎಳೆದುಕೊಂಡ.

"ಹೆದ್ರಿಕೆ ಆಯ್ತು ಕಣ್ರೀ. ಅಜ್ಜಿ ಹೇಳಿದ್ದನ್ನ ಹೆಂಗೋ ತಡ್ಕೊಂಡೆ. ನೀವೂ ಹೌದು ಅಂದ್ಬುಟ್ಟಿದ್ರೆ... ಈ ಕುರ್ಚೀಲಿ ಕೂರೋಕೆ ನನ್ ಕೈಲಿ ಆಗ್ತಿರ್ಲಿಲ್ಲ."

ಅವಳ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಎದುರಿನ ಬೆಂಚಿನ ಮೇಲೆ ಕುಳಿತಳು.

"ಈಗ ಕೇಳಿ."

"ಈಗಲಾ?"

"ಈಗಲೇ."

"ಶ್ರೀಲತಾ... ನನ್ನ ಮದ್ವೆ ಆಗ್ತೀರಾ?"

"ಹೂಂ."

ಅವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡಿದ. "ಇನ್ನೊಂದ್ಸಲ ಹೇಳಿ..."

"ಯಾಕೆ? ನಂಬಿಕೆ ಇಲ್ವಾ?"

"ನಂಬಿಕೆ ಐತೆ. ಕೇಳೋಕೆ ಚೆನ್ನಾಗೈತೆ, ಅದಕ್ಕೆ."

ಅವಳು ಮೇಜಿನ ಮೇಲಿದ್ದ ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ಹೂಂ ಕಣ್ರೀ... ಹೂಂ!"