ಪೆಟ್ಟಿಗೆಯ ಮೇಲಿನ ಸೀಮೆಸುಣ್ಣ

"ಇದನ್ನ ಯಾವ ರೈಲಿಗೆ ಹಾಕ್ಲಿ, ಮಿಸ್?"

ಕ್ಲಾರಿ ನನ್ನನ್ನು 'ಮಿಸ್' ಎಂದ! ಎರಡು ವರ್ಷ ಪ್ರತಿ ಶನಿವಾರ ನನ್ನ ಜೊತೆ ಕುಣಿದು, ಪ್ರತಿ ಸಲವೂ ನನ್ನ ಎಡಗಾಲನ್ನೇ ತುಳಿದವನು. ನನಗೆ ಮೈಯೆಲ್ಲ ಉರಿಯಿತು.

"ಸಿಡ್ನಿ ರೈಲಿಗೆ. ಇನ್ಯಾವುದಕ್ಕೆ?"

"ನಂಗೇನು ಗೊತ್ತು? ನಿಮ್ಮ ವಿಷಯ ಏನಿದ್ರೂ ನಾನು ಪೇಪರಲ್ಲಿ ಓದಿ ತಿಳ್ಕೊಳೋದು."

ಕಿವಿಯ ಹಿಂದಿನಿಂದ ಸೀಮೆಸುಣ್ಣ ತೆಗೆದು ನನ್ನ ಹಸಿರು ಪೆಟ್ಟಿಗೆಯ ಮೇಲೆ 'ಸಿಡ್ನಿ' ಎಂದು ಬರೆದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಕಿವಿ ಮಾತ್ರ ಕೆಂಪಗಾಗಿತ್ತು.

ವಿಕ್ಟೋರಿಯಾ ರಾಜ್ಯದ ಹಳಿ ಅಗಲ, ನ್ಯೂ ಸೌತ್ ವೇಲ್ಸ್‌ನದು ಕಿರಿದು. ಹಾಗಾಗಿ ಮೆಲ್ಬರ್ನ್‌ನಿಂದ ಸಿಡ್ನಿಗೆ ಹೊರಟವರೆಲ್ಲ ಗಡಿಯ ಆಲ್ಬರಿಯಲ್ಲಿ ಗಂಟುಮೂಟೆ ಸಮೇತ ಇಳಿದು, ಅದೇ ಉದ್ದನೆಯ ಪ್ಲಾಟ್‌ಫಾರ್ಮಿನ ಆಚೆ ಬದಿಯ ರೈಲು ಹತ್ತಬೇಕು. ಪೆಟ್ಟಿಗೆಗಳನ್ನು ದಾಟಿಸುವ ಪೋರ್ಟರು ಕ್ಲಾರಿ ಹ್ಯಾಡೊ. ನಾನು ಮೆಲ್ವಾ ಪ್ರಿಡ್ಮೋರ್, ನದಿಯಾಚೆ ವೊಡೊಂಗದ ಬೆಣ್ಣೆ ಕಾರ್ಖಾನೆಯಲ್ಲಿ ಟೈಪಿಸ್ಟ್. ಹೋದ ತಿಂಗಳಷ್ಟೇ ಮೆಲ್ಬರ್ನ್‌ನಲ್ಲಿ ವಿಕ್ಟೋರಿಯಾದ ಸುಂದರಿಯಾಗಿ ಆಯ್ಕೆಯಾಗಿ ಅಲ್ಲೇ ಉಳಿದಿದ್ದೆ. ಈಗ ಇಡೀ ಆಸ್ಟ್ರೇಲಿಯಾದ ಕಿರೀಟಕ್ಕಾಗಿ ಸಿಡ್ನಿಗೆ ಹೊರಟಿದ್ದೆ.

ಗೆದ್ದ ದಿನ ಪತ್ರಿಕೆಯವರು "ಮನಸ್ಸಿಗೆ ಹತ್ತಿರದವರು ಯಾರಾದರೂ?" ಎಂದು ಕೇಳಿದ್ದರು. "ಯಾರೂ ಇಲ್ಲ" ಎಂದಿದ್ದೆ. ನನ್ನ ಕಾವಲಿಗೆಂದು ಸಮಿತಿ ಕಳಿಸಿದ್ದ ಮಿಸೆಸ್ ಪ್ಯಾಸ್ಕೋ ಹೇಳಿಕೊಟ್ಟ ಉತ್ತರ ಅದು. ಮದುವೆ ಗೊತ್ತಾದ ಹುಡುಗಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ, ಗೆದ್ದವಳು ಒಂದು ವರ್ಷ ಮದುವೆಯ ಮಾತೆತ್ತುವಂತಿಲ್ಲ. ಅಂದಿನಿಂದ ಕ್ಲಾರಿಯ ಕಾಗದ ನಿಂತುಹೋಗಿತ್ತು.

"ಅದು ಆ ಹೆಂಗಸು ಹೇಳ್ಕೊಟ್ಟಿದ್ದು ಕಣೋ," ಎಂದೆ ಮೆಲ್ಲಗೆ.

"ಬಾಯಿ ನಿಮ್ದೇ ತಾನೇ?"

"ನೀವು, ನಿಮ್ದು ಅಂದ್ರೆ ಒದೀತೀನಿ ನೋಡು."

ಅವನ ತುಟಿಯ ಒಂದು ತುದಿ ಅಲುಗಿತು. ತಕ್ಷಣ ಬಿಗಿಯಿತು. "ಗೆದ್ದು ಬಾ ಮೆಲ್. ನೀನು ಗೆಲ್ತೀಯ, ನಂಗೊತ್ತು. ಆದ್ರೆ ನಾನು ಯಾರೂ ಅಲ್ಲ ಅನ್ನೋದನ್ನ ಊರಿನವರೆಲ್ಲ ಓದಿದ್ರು. ಟೀ ಅಂಗಡಿಯೋಳು ನನಗೆ ಸಕ್ಕರೆ ಜಾಸ್ತಿ ಹಾಕ್ಕೊಟ್ಳು, ಪಾಪ ಅಂತ."

ಆಚೆ ಸಿಡ್ನಿ ರೈಲು ಸೀಟಿ ಹಾಕಿತು. ಮಿಸೆಸ್ ಪ್ಯಾಸ್ಕೋ ಛತ್ರಿ ಬೀಸುತ್ತ, "ಮೆಲ್ವಾ! ಬೇಗ ಬಾರೇ!" ಎಂದು ಕೂಗಿದರು.

ಯೋಚಿಸುತ್ತ ನಿಂತಿದ್ದರೆ ಧೈರ್ಯ ಬರುತ್ತಿರಲಿಲ್ಲ. ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡೆ. ಕೈಗವಸಿನಲ್ಲೇ 'ಸಿಡ್ನಿ'ಯನ್ನು ಒರೆಸಿ, ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಆಲ್ಬರಿ' ಎಂದು ಬರೆದೆ.

"ನಾನು ಕೊನೆಗೆ ಬಂದು ಇಳಿಯೋದು ಇಲ್ಲೇ," ಎಂದೆ. "ನಿಂಗೆ ಬೇಕೋ ಬೇಡ್ವೋ ಹೇಳು."

ಅವನು ಬಾಯಿ ತೆರೆದ. ಅಷ್ಟರಲ್ಲಿ ಮಿಸೆಸ್ ಪ್ಯಾಸ್ಕೋ ನನ್ನ ರಟ್ಟೆ ಹಿಡಿದು ಎಳೆದೊಯ್ದರು. ಕಿಟಕಿಯಿಂದ ಬಗ್ಗಿ ನೋಡಿದೆ. ಕ್ಲಾರಿ ಪೆಟ್ಟಿಗೆಯನ್ನು ಸಾಮಾನಿನ ಡಬ್ಬಿಗೆ ಏರಿಸಿ, ನನ್ನ ಬರಹವನ್ನು ಹಾಗೇ ಬಿಟ್ಟು, ಮುಂದಿನ ಪೆಟ್ಟಿಗೆಗೆ ಕೈ ಹಾಕಿದ. ರೈಲು ಹೊರಟೇಬಿಟ್ಟಿತು.

ಸಿಡ್ನಿಯಲ್ಲಿ ಇಳಿದರೆ ಪೆಟ್ಟಿಗೆಯೇ ಇಲ್ಲ! ರೈಲು ಹೊರಡುವ ಮುನ್ನ ಯಾರೋ ಅದರ ಮೇಲಿನ ಊರ ಹೆಸರು ನೋಡಿ, ನಿಯಮದಂತೆ ಆಲ್ಬರಿಯಲ್ಲೇ ಇಳಿಸಿಬಿಟ್ಟಿದ್ದರು. ನನ್ನ ಬಿಳಿ ಉಣ್ಣೆಯ ಗೌನು ಅದರಲ್ಲಿತ್ತು. ಮರುದಿನ ಸಂಜೆಯೇ ಸ್ಪರ್ಧೆ.

"ಪೆಟ್ಟಿಗೆ ಮೇಲೆ ಬರೆಯೋ ಬುದ್ಧಿ ಯಾಕೆ ಬಂತೇ ನಿನಗೆ?" ಮಿಸೆಸ್ ಪ್ಯಾಸ್ಕೋ ತಲೆ ಚಚ್ಚಿಕೊಂಡರು.

ಮರುದಿನವಿಡೀ ನಾನು ಕೂತಲ್ಲಿ ಕೂರಲಿಲ್ಲ. ಸ್ಪರ್ಧೆಯ ಸಭಾಂಗಣದಲ್ಲಿ ಬೇರೆ ಹುಡುಗಿಯರು ನಡಿಗೆ ಅಭ್ಯಾಸ ಮಾಡುತ್ತಿದ್ದರೆ ನಾನು ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದೆ. ಟೀ ಆರಿ ತಣ್ಣಗಾಯಿತು. ನಿಜ ಹೇಳುತ್ತೇನೆ, ಗೌನಿಗಾಗಿ ಅಲ್ಲ. ಅವನು ಬೇಡ ಎಂದುಬಿಟ್ಟರೆ ಕಿರೀಟ ತೊಟ್ಟು ಯಾವ ಊರಿಗೆ ಹೋಗಲಿ?

ನಾಲ್ಕು ಗಂಟೆಗೆ ಹಿಂಬಾಗಿಲಲ್ಲಿ ಗದ್ದಲ ಕೇಳಿಸಿತು. "ಗಂಡಸರಿಗೆ ಒಳಗೆ ಪ್ರವೇಶ ಇಲ್ಲ!"

"ನಾನು ಗಂಡಸಲ್ಲಮ್ಮ, ಪೋರ್ಟರು!"

ಓಡಿದೆ. ರೈಲ್ವೆ ಟೋಪಿ ಓರೆಯಾಗಿ, ಕೋಟಿನ ತುಂಬ ಮಸಿ, ಹೆಗಲ ಮೇಲೆ ಹಸಿರು ಪೆಟ್ಟಿಗೆ. ರಜೆ ಕೇಳದೆ ಬಂದಿದ್ದ.

"ದಾರಿಯುದ್ದಕ್ಕೂ ತೊಡೆ ಮೇಲೇ ಇಟ್ಕೊಂಡು ಬಂದೆ," ಎಂದ. "ಇನ್ನೊಂದ್ಸಲ ಯಾರಾದ್ರೂ ಇಳಿಸಿಬಿಟ್ರೆ?"

"ಕ್ಲಾರಿ, ಗೆದ್ರೆ ಒಂದು ವರ್ಷ..."

"ರೈಲು ಕಾಯೋದೇ ನನ್ನ ಕೆಲಸ ಕಣೇ. ಒಂದು ವರ್ಷ ತಡ ಆದ್ರೆ ಆಗ್ಲಿ. ಬರುತ್ತೆ ಅಂತ ಗೊತ್ತಿದ್ರೆ ಸಾಕು."

ಮಿಸೆಸ್ ಪ್ಯಾಸ್ಕೋ ನಮ್ಮಿಬ್ಬರನ್ನೂ ದಿಟ್ಟಿಸಿದರು. ಆಮೇಲೆ ಬೇಕೆಂದೇ ಕನ್ನಡಕ ತೆಗೆದು ಒರೆಸತೊಡಗಿದರು. "ನನಗೇನೂ ಕಾಣಿಸ್ತಿಲ್ಲಪ್ಪ. ಎರಡು ನಿಮಿಷ ಹೀಗೇ," ಎಂದರು.

ಆ ಎರಡು ನಿಮಿಷದಲ್ಲಿ ಅವನು ನನ್ನ ಎಡಗಾಲನ್ನು ಮತ್ತೊಮ್ಮೆ ತುಳಿದ.

ಅವನು ಹೋದ ಮೇಲೆ ಗೌನು ತೆಗೆಯಲು ಬಗ್ಗಿದೆ. ನಾನು ಬರೆದ 'ಆಲ್ಬರಿ' ಒಂದಿಷ್ಟೂ ಅಳಿಸಿರಲಿಲ್ಲ. ಅದರ ಕೆಳಗೆ ಅವನ ಡೊಂಕು ಅಕ್ಷರಗಳಲ್ಲಿ ಎರಡೇ ಪದಗಳಿದ್ದವು: 'ಸಿಡ್ನಿ ಮೂಲಕ.'